ಎರಡನೆಯ ಮುದ್ದೆ

ನಮ್ಮ ಮನೆಯಲ್ಲಿ ಎರಡನೆಯ ಮುದ್ದೆ ನನ್ನದಾಗಿತ್ತು. ಮೊದಲನೆಯದು ಅಪ್ಪನಿಗೆ, ಅದರ ಬಗ್ಗೆ ನನಗೆ ತಕರಾರಿರಲಿಲ್ಲ. ಅವ್ವ ಒಲೆಯ ಪಕ್ಕದಲ್ಲಿ ಕೂತು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಬೆಂದ ಹಿಟ್ಟನ್ನು ಮಣೆಯ ಮೇಲೆ ಹಾಕಿಕೊಂಡು, ಅಂಗೈಗೆ ತಣ್ಣೀರು ಸವರಿ ಉಂಡೆ ಕಟ್ಟುತ್ತಿದ್ದಳು. ಮೊದಲ ಉಂಡೆ ಅಪ್ಪನ ಗಂಗಳಕ್ಕೆ. ಎರಡನೆಯದು ಹಬೆಯಾಡುತ್ತ ನನ್ನ ಗಂಗಳಕ್ಕೆ. ಆಮೇಲೆ ಅಪ್ಪನ ತಾಯಿ, ನಮ್ಮಜ್ಜಿ. ಆಮೇಲೆ ಅಕ್ಕ ಜಯಮ್ಮ. ಕೊನೆಗೆ ಪಾತ್ರೆಯ ತಳ ಕೆರೆದು, ಸೀದ ಚಕ್ಕೆಯ ಸಮೇತ, ಅವ್ವ. ಹನಕೆರೆ ಸ್ಟೇಷನ್ನಿನಿಂದ ಅರ್ಧ ಗಂಟೆ ನಡೆದರೆ ಸಿಗುವ ಊರು ನಮ್ಮದು. ಮನೆಗೆ ಮುಂದೆ ಜಗಲಿ, ಒಳಗೆ ನಡುಮನೆ, ಅದರಾಚೆ ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು. ನಡುಮನೆಯ ಒಂದು ಪಕ್ಕಕ್ಕೇ ದನಗಳನ್ನು ಕಟ್ಟುತ್ತಿದ್ದೆವು. ನಾವು ಉಣ್ಣುವಾಗ ಅವೂ ಮೆಲುಕು ಹಾಕುತ್ತಿದ್ದವು. ಅಷ್ಟು ಚಿಕ್ಕ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸ್ಥಾನ ಇತ್ತು, ನನ್ನ ಸ್ಥಾನ ಎಷ್ಟನೆಯದು ಎಂಬುದು ದಿನಕ್ಕೆ ಎರಡು ಸಲ ನನ್ನ ಗಂಗಳಕ್ಕೆ ಬಿಸಿಯಾಗಿ ಬಂದು ಬೀಳುತ್ತಿತ್ತು.

ಹೀಗೆಂದು ನನ್ನ ನೆನಪು. ಅಕ್ಕನಿಗೆ ಇದರಲ್ಲಿ ಒಂದೂ ನೆನಪಿಲ್ಲ. ಈ ಅಧ್ಯಾಯ ಬರೆಯಲು ಕೂತಾಗ ಅವಳನ್ನು ಕೇಳಿದೆ.

“ಯಾವ್ ಮೊದಲ್ನೇದೋ, ಯಾವ್ ಎರಡ್ನೇದೋ! ಅವ್ವ ಎಲ್ಲಾರ್ಗೂ ಆಕ್ತಿತ್ತು, ಎಲ್ಲಾರೂ ಉಣ್ತಿದ್ವಿ. ಓದಿ ಓದಿ ನಿಂಗೆ ತಲೆ ಕೆಟ್ಟದೆ ಬುಡು.”

ನಾನು ಮೈಸೂರಿನಲ್ಲಿ ಇತಿಹಾಸ ಓದಿ, ಮಳವಳ್ಳಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳಿ ನಿವೃತ್ತನಾದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರಂತೂ ನಂಬಲೇಬೇಡಿ ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದವನು. ಆದ್ದರಿಂದ ಮುಂದಿನದನ್ನು ಓದುವವರು ಒಂದು ಮಾತು ಗಮನದಲ್ಲಿಡಬೇಕು: ಇದನ್ನು ಹೇಳುತ್ತಿರುವವನು ಹೊಟ್ಟೆಕಿಚ್ಚಿನ ಹುಡುಗ. ಹೊಟ್ಟೆಕಿಚ್ಚಿನವರ ನೆನಪು ಬಹಳ ಚೊಕ್ಕಟವಾಗಿರುತ್ತದೆ, ಯಾರಿಗೆ ಎಷ್ಟು ಸಿಕ್ಕಿತು ಎಂಬುದನ್ನು ಅದು ಮರೆಯುವುದಿಲ್ಲ. ಆದರೆ ಯಾಕೆ ಸಿಕ್ಕಿತು ಎಂಬುದನ್ನು ಅದು ಕೇಳಿಯೇ ಇರುವುದಿಲ್ಲ.

ಚಂದ್ರು ಬಂದದ್ದು ನನಗೆ ಒಂಬತ್ತೋ ಹತ್ತೋ ತುಂಬಿದ್ದಾಗ. ಅವ್ವನ ತಂಗಿಯ ಮಗ, ನನಗಿಂತ ನಾಲ್ಕು ತಿಂಗಳು ಚಿಕ್ಕವನು. ಚಿಕ್ಕಪ್ಪ ಶಿವನಸಮುದ್ರದ ಹತ್ತಿರ ಬ್ಲಫ್‌ನಲ್ಲಿ, ಕರೆಂಟು ತಯಾರಾಗುವ ಕಡೆ ಕೆಲಸಕ್ಕಿದ್ದ. ಚಿಕ್ಕವ್ವನಿಗೆ ಎದೆಯ ಕಾಯಿಲೆ ಎಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿ, ಚಿಕ್ಕಪ್ಪ ಮಗನನ್ನು ಕರೆದುಕೊಂಡು ಬಂದಿದ್ದ. ಕೈಯಲ್ಲಿ ಒಂದು ತಗಡಿನ ಟ್ರಂಕು. ಚಂದ್ರುವಿನ ಕಾಲಲ್ಲಿ ಬೂಟು, ಬೂಟಿನೊಳಗೆ ಕಾಲುಚೀಲ. ಕಾಲುಚೀಲ ಹಾಕಿದ ಹುಡುಗನನ್ನು ನಮ್ಮ ಜಗಲಿಯ ಮೇಲೆ ನೋಡಿದ್ದು ನಾನು ಅದೇ ಮೊದಲು. ಅವನ ಹೆಸರೂ ಕಾಲುಚೀಲ ಹಾಕಿದ ಹೆಸರೇ, ಚಂದ್ರಶೇಖರ. ನನ್ನದು ತಾತನ ಹೆಸರು, ಬೋರಯ್ಯ, ಕೂಗುವವರಿಗೆ ಬೋರ.

“ಮೂರೇ ತಿಂಗ್ಳು ಕಣಕ್ಕ,” ಎಂದ ಚಿಕ್ಕಪ್ಪ ಅವ್ವನಿಗೆ. “ಅವ್ಳು ಎದ್ದು ಓಡಾಡೋ ಅಂಗಾಗ್ಲಿ, ಬಂದು ಕರ್ಕೊಂಡೋಯ್ತೀನಿ.”

“ಮೂರು ತಿಂಗ್ಳೋ, ಮೂರು ವರ್ಸವೋ. ಇಲ್ಲೇನ್ ಅವ್ನಿಗೆ ಇಟ್ಟಿಲ್ವಾ, ಜಾಗ ಇಲ್ವಾ? ಬಾ ಮಗ.”

ಅವತ್ತು ಮಧ್ಯಾಹ್ನ ಮೊದಲ ಮುದ್ದೆ ಚಿಕ್ಕಪ್ಪನಿಗೆ, ಎರಡನೆಯದು ಚಂದ್ರುವಿಗೆ ಹೋಯಿತು. ಅದರಲ್ಲಿ ತಪ್ಪೇನಿಲ್ಲ, ನೆಂಟರು ಎಂದುಕೊಂಡೆ. ಮಾರನೆಯ ದಿನ ಚಿಕ್ಕಪ್ಪ ಹೋದ. ಮೊದಲ ಮುದ್ದೆ ಮತ್ತೆ ಅಪ್ಪನಿಗೆ ಬಂತು. ಎರಡನೆಯದು ಮಾತ್ರ ಹಿಂದಿರುಗಲಿಲ್ಲ. ನಾನು ಗಂಗಳ ಮುಂದಕ್ಕೆ ಚಾಚಿಕೊಂಡು ಕೂತಿದ್ದೆ, ಅವ್ವನ ಒದ್ದೆ ಕೈ ನನ್ನನ್ನು ದಾಟಿಕೊಂಡು ಹೋಯಿತು. ಅವನಿಗಾದರೋ ಅದನ್ನು ಉಣ್ಣುವುದಕ್ಕೇ ಬರುತ್ತಿರಲಿಲ್ಲ. ಬ್ಲಫ್‌ನ ಕ್ವಾರ್ಟರ್ಸಿನಲ್ಲಿ ಎರಡು ಹೊತ್ತೂ ಅನ್ನವಂತೆ. ಮುದ್ದೆಯನ್ನು ಚೂರು ಮುರಿದು ಬಾಯಿಗಿಟ್ಟು, ಅನ್ನದ ಹಾಗೆ ಅಗಿಯತೊಡಗಿದ. ಹಿಟ್ಟು ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ತೆಗೆಯಲಾಗದೆ ಕಣ್ಣು ಕಣ್ಣು ಬಿಟ್ಟ.

“ಲೇ, ಅಗೀತಾವ್ನೆ ನೋಡ್ಲಾ!” ಎಂದು ಅಪ್ಪ ನಕ್ಕ. “ನಮ್ ಎಮ್ಮೆಗೆ ಜೊತೆ ಸಿಕ್ತು ಬುಡು.”

ನಾನು ಬಿದ್ದು ಬಿದ್ದು ನಕ್ಕೆ. ಮುದ್ದೆ ಅಗಿಯುವವನಿಗಿಂತ ದಡ್ಡ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ, ಇನ್ನು ಇವನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವ್ವ ಮಣೆ ಬಿಟ್ಟು ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು. ಗೋಲಿಯಷ್ಟು ಹಿಟ್ಟು ಉರುಳಿಸಿ, ಸಾರಿನಲ್ಲಿ ಹೊರಳಿಸಿ, ಅವನ ನಾಲಿಗೆಯ ಮೇಲಿಟ್ಟು, “ಈಗ ನುಂಗು ಮಗ, ಎಂಗೆ ಜಾರ್ಕಂಡ್ ಓಯ್ತದೆ ನೋಡು” ಎಂದಳು. ಅವನು ನುಂಗಿದ. ಮತ್ತೊಂದು. ಮತ್ತೊಂದು. ನನಗೆ ಅವ್ವ ಹಾಗೆ ನುಂಗಿಸಿದ್ದು ನೆನಪಿಲ್ಲ. ನುಂಗಿಸಿಯೇ ಇರುತ್ತಾಳೆ, ಇಲ್ಲದಿದ್ದರೆ ನಾನು ಕಲಿತದ್ದು ಹೇಗೆ? ಆದರೆ ನೆನಪಿಗೆ ಬಾರದ ಪ್ರೀತಿಯಿಂದ ಒಂಬತ್ತು ವರ್ಷದವನಿಗೆ ಏನು ಉಪಯೋಗ. ಎದುರಿಗಿದ್ದದ್ದು ಅವನ ನಾಲಿಗೆಯ ಮೇಲಿನ ಅವ್ವನ ಬೆರಳು.

ಅಲ್ಲಿಂದ ಎಲ್ಲವೂ ಒಂದೊಂದಾಗಿ ಹೋಯಿತು. ನಡುಮನೆಯಲ್ಲಿ ಅವ್ವನ ಎಡಗಡೆ ನನ್ನ ಜಾಗ. ‘ಇವ್ನಿಗೆ ಕತ್ಲೆ ಅಂದ್ರೆ ಭಯ’ ಎಂದು ಅಲ್ಲಿ ಅವನ ಚಾಪೆ ಬಂತು, ನನ್ನ ಚಾಪೆ ಅಜ್ಜಿಯ ಗೊರಕೆಯ ಪಕ್ಕಕ್ಕೆ ಸರಿಯಿತು. ಕತ್ತಲೆ ಎಂದರೆ ಅವನಿಗೆ ನಿಜವಾಗಿಯೂ ಭಯವಿತ್ತು. ಬ್ಲಫ್‌ನಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದು ಹೇಳುತ್ತಿದ್ದ. ‘ಹೋಗುವುದೇ ಇಲ್ಲ’ ಎಂದು ಹಕಾರವನ್ನು ಅಷ್ಟು ಸ್ಪಷ್ಟವಾಗಿ ಹೇಳುವುದೇ ನನಗೆ ಒಂದು ಜಂಬದ ಹಾಗೆ ಕೇಳಿಸುತ್ತಿತ್ತು. ನಮ್ಮೂರಿನ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಹೋದಾಗಲೆಲ್ಲ ನಾನು ಬೀದಿಯ ಹುಡುಗರಿಗೆ ಕೇಳಿಸುವಂತೆ ಕೂಗುತ್ತಿದ್ದೆ:

“ಏನ್ಲಾ ಚಂದ್ರು, ನಿಮ್ಮಪ್ಪ ಕರೆಂಟು ಮಾಡೋದ ಮರ್ತು ಮಲ್ಗಬುಟ್ನಾ?”

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನು ನಗುವುದನ್ನು ಕಂಡು ನನಗೆ ಇನ್ನಷ್ಟು ಉರಿಯುತ್ತಿತ್ತು.

ಒಂದು ದಿನ ಇಬ್ಬರೂ ಸೇರಿ, ಬೆಲ್ಲದ ಡಬ್ಬ ಇಳಿಸಲು ಹೋಗಿ, ನೆಲುವಿನ ಮೇಲಿದ್ದ ಮೊಸರಿನ ಕುಡಿಕೆ ಒಡೆದೆವು. ಸೂರಿಗೆ ನೇತುಹಾಕಿದ ಹಗ್ಗವನ್ನು ಎಳೆದವನು ನಾನೋ ಅವನೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಅವ್ವ ಹಿಟ್ಟಿನ ಕೋಲು ತೆಗೆದುಕೊಂಡೇ ಬಂದಳು. ನನ್ನ ಎರಡೂ ಅಂಗೈಗೆ, ಮೊಣಕಾಲಿನ ಹಿಂದಕ್ಕೆ ಬಿತ್ತು. ಚಂದ್ರು ಗೋಡೆಗೆ ಬೆನ್ನು ಕೊಟ್ಟು, ಮೊಸರು ಮೆತ್ತಿದ ಬಲಗೈಯನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದ. ಅವ್ವ ಅವನ ಹತ್ತಿರ ಹೋದಳು, ಕೋಲನ್ನು ಕೆಳಗಿಟ್ಟಳು, ಸೆರಗಿನಿಂದ ಆ ಕೈ ಒರೆಸಿ, “ಓಗು ಮಗ, ಆಟಾಡ್ಕೋ ಓಗು” ಎಂದಳು. ಅವನು ಕೈ ಚಾಚಿ ನಿಂತದ್ದು ನನ್ನನ್ನು ಅಣಕಿಸಲು, ‘ನೋಡು, ನಾನು ಕೈ ಕೊಟ್ಟರೂ ಹೊಡೆಯುವವರಿಲ್ಲ’ ಎಂದು ತೋರಿಸಲು ಎಂಬುದರಲ್ಲಿ ನನಗೆ ಬಹಳ ವರ್ಷ ಯಾವ ಅನುಮಾನವೂ ಇರಲಿಲ್ಲ.

ಮೂರು ತಿಂಗಳು ಕಳೆದು ಐದಾಯಿತು. ಚಿಕ್ಕಪ್ಪನಿಂದ ಸುದ್ದಿ ಕಡಿಮೆಯಾಯಿತು. ಅವ್ವ ಒಬ್ಬಳೇ ಮೈಸೂರಿಗೆ ಹೋಗಿ ಎರಡು ದಿನ ತಂಗಿಯ ಪಕ್ಕದಲ್ಲಿದ್ದು, ಮೂರನೆಯ ದಿನ ರೈಲಿನಲ್ಲಿ ಹಿಂದಿರುಗಿದಳು. ನಾವಿಬ್ಬರೂ ಹನಕೆರೆ ಸ್ಟೇಷನ್ನಿಗೆ ಹೋಗಿದ್ದೆವು. ಅವಳು ಇಳಿಯುವ ಡಬ್ಬಿ ಯಾವುದೆಂದು ಊಹಿಸಿ ನಾನು ಮುಂದೆಯೇ ಓಡಿ ನಿಂತಿದ್ದೆ; ನನ್ನ ಊಹೆ ಸರಿಯಾಗಿತ್ತು, ಅವ್ವ ನನ್ನ ಎದುರಿಗೇ ಇಳಿದಳು. ಚೀಲ ತೆಗೆದುಕೊಳ್ಳಲು ಕೈ ಚಾಚಿದೆ. ಚೀಲವನ್ನು ನನ್ನ ಕೈಗೆ ಕೊಟ್ಟಳು, ಕಣ್ಣು ಕೊಡಲಿಲ್ಲ. ನನ್ನನ್ನು ದಾಟಿ ನಡೆದು, ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ ಚಂದ್ರುವಿನ ತಲೆಯನ್ನು ಹೊಟ್ಟೆಗೆ ಅವುಚಿಕೊಂಡು ನಿಂತುಬಿಟ್ಟಳು. ರೈಲು ಹೋಯಿತು. ಇಳಿದವರೆಲ್ಲ ಹೋದರು. ಅವಳು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಅವಳು ಏನು ನೋಡಿ ಬಂದಿದ್ದಳೆಂದು ಈಗ ಊಹಿಸಬಲ್ಲೆ. ಅವತ್ತು ನನಗೆ ಕಂಡದ್ದು ನನ್ನ ಕೈಯಲ್ಲಿದ್ದ ಚೀಲ ಮಾತ್ರ.

ಮನೆಗೆ ಬಂದು ಹಿತ್ತಿಲ ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದೆವು. ಅಲ್ಲಿ ನಾನು ಅವನಿಗೆ ಒಂದು ಮಾತು ಅಂದೆ: “ನಿಮ್ಮವ್ವ ಇನ್ನ ಬರಾಕಿಲ್ಲ ಕಣ್ಲಾ. ನಿನ್ನ ಇಲ್ಲೇ ಬುಟ್ಟು ಓದ್ಲು.” ಅಂದೆ ಎಂದು ಬರೆದಿದ್ದೇನೆ. ಅಂದೆನೋ, ಅನ್ನಬೇಕೆಂದುಕೊಂಡೆನೋ ಎಂಬುದೇ ನನಗೆ ಐವತ್ತಕ್ಕೂ ಹೆಚ್ಚು ವರ್ಷ ಗೊತ್ತಿರಲಿಲ್ಲ. ಮನಸ್ಸಿನಲ್ಲಿ ಅಷ್ಟು ಸಲ ಹೇಳಿಕೊಂಡ ಮಾತು ಬಾಯಿಂದ ಬಂದಿತ್ತೋ ಇಲ್ಲವೋ ಹೇಗೆ ಹೇಳುವುದು? ಅವನ ಮುಖ ನೆನಪಿಗೆ ಬರುವುದಿಲ್ಲ. ಕಲ್ಲಿನ ಮೇಲೆ ಹರಿಯುತ್ತಿದ್ದ ಕೆಸರುನೀರು ನೆನಪಿದೆ.

ಮಾರನೆಯ ದಿನದಿಂದ ಚಂದ್ರು ಉಣ್ಣುವುದನ್ನು ಬಿಟ್ಟ. ಗಂಗಳದ ಮುಂದೆ ಕೂರುತ್ತಿದ್ದ, ಬೆರಳಲ್ಲಿ ಹಿಟ್ಟನ್ನು ಒತ್ತಿ ಗುಳಿ ಮಾಡುತ್ತಿದ್ದ, ಎದ್ದು ಹೋಗುತ್ತಿದ್ದ. ಮೂರು ದಿನಕ್ಕೆ ಜ್ವರ ಬಂತು. ಅವನು ಚಾಪೆ ಹಿಡಿದ ಮೇಲೆ ಎರಡನೆಯ ಮುದ್ದೆ ನನಗೆ ವಾಪಸು ಬಂತು. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಸತ್ಯ ಹೇಳಬೇಕೆಂದರೆ ರುಚಿಯಾಗಿತ್ತು, ಮತ್ತೆ ಸಾರು ಹಾಕಿಸಿಕೊಂಡು ಉಂಡೆ.

ಮದ್ದೂರಿನಿಂದ ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರು. ಅಜ್ಜಿಗೆ ಸೂಜಿಯ ಮೇಲೆ ನಂಬಿಕೆ ಇಲ್ಲ. “ಬೆಳ್ಳಗವ್ನೆ, ನೀಟಾಗವ್ನೆ, ಯಾವಳೋ ಕಣ್ಣಾಕವ್ಳೆ” ಎಂದು ದೃಷ್ಟಿ ತೆಗೆಯಲು ನಿಂತಳು. ನಮ್ಮ ಕಡೆ ಇದಕ್ಕೊಂದು ಕ್ರಮ ಇದೆ. ಯಾರ ಕಣ್ಣು ಬಿದ್ದಿದೆ ಎಂದು ಅನುಮಾನವೋ ಅವರು ಹೆಜ್ಜೆಯಿಟ್ಟ ಮಣ್ಣನ್ನು ಅವರಿಗೆ ತಿಳಿಯದಂತೆ ತಂದು, ಉಪ್ಪು, ಒಣಮೆಣಸಿನಕಾಯಿ ಸೇರಿಸಿ, ಮಗುವಿಗೆ ನಿವಾಳಿಸಿ ಕೆಂಡಕ್ಕೆ ಹಾಕುವುದು. ಮೆಣಸಿನಕಾಯಿಯ ಘಾಟು ಎದ್ದರೆ ಅವರದಲ್ಲ. ಘಾಟೇ ಬರದಿದ್ದರೆ ಅವರದೇ ಕಣ್ಣು, ಸುಟ್ಟುಹೋಯಿತು ಎಂದು ಅರ್ಥ. ಮೊದಲ ಸಂಜೆ ಪಕ್ಕದ ಮನೆಯವಳ ಅಂಗಳದ ಮಣ್ಣು ಬಂತು. ಕೆಂಡಕ್ಕೆ ಬಿದ್ದದ್ದೇ ತಡ ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು, ಎಮ್ಮೆ ಕೂಡ ಸೀನಿತು. ಎರಡನೆಯ ಸಂಜೆ ನೀರಿಗೆ ಬರುವ ಇನ್ನೊಬ್ಬಳ ಮಣ್ಣು. ಮತ್ತೆ ಕೆಮ್ಮು.

“ನಿಮ್ಮ ದಿಷ್ಟೀಲಿ ಮನೇವ್ರೆಲ್ಲಾ ಸತ್ತೋಯ್ತೀವಿ ಕಣವ್ವ,” ಎಂದ ಅಪ್ಪ.

ಮೂರನೆಯ ಸಂಜೆ, ದೀಪ ಹಚ್ಚುವ ಹೊತ್ತು. ನಾನು ಬಚ್ಚಲಲ್ಲಿ ಕಾಲು ತೊಳೆದು ಕಲ್ಲಿನಿಂದ ಇಳಿದು ಒಳಗೆ ಬಂದೆ. ಬಾಗಿಲ ಸಂದಿಯಿಂದ ಯಾಕೋ ಹಿಂದಿರುಗಿ ನೋಡಿದೆ. ಅಜ್ಜಿ ಬಗ್ಗಿದ್ದಳು. ಕಲ್ಲಿನ ಪಕ್ಕದ ಮಣ್ಣಿನಲ್ಲಿ ನನ್ನ ಪಾದ ಮೂಡಿತ್ತು, ಐದು ಬೆರಳೂ ಕಾಣುವಷ್ಟು ಸ್ಪಷ್ಟವಾಗಿ. ಅವಳು ಎಡಗೈಯಲ್ಲಿ ಅದರಿಂದ ಮೂರು ಚಿಟಿಕೆ ಮಣ್ಣು ಎತ್ತಿಕೊಂಡಳು. ಆಮೇಲೆ ಒಳಗೆ ಬಂದು, ಮುಷ್ಟಿ ಮುಚ್ಚಿ ಚಂದ್ರುವಿನ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಒಲೆಯ ಕೆಂಡಕ್ಕೆ ಸುರಿದಳು. ಉಪ್ಪು ಚಟಪಟ ಎಂದಿತು. ನಾವೆಲ್ಲ ಮೂಗು ಮುಚ್ಚಿಕೊಂಡು ಕಾದೆವು. ಏನೂ ಬರಲಿಲ್ಲ.

“ಓಯ್ತು,” ಎಂದಳು ಅಜ್ಜಿ. ಅಷ್ಟೇ. ಯಾರದೆಂದು ಅವ್ವ ಕೇಳಿದ್ದಕ್ಕೆ, “ಯಾರ್ದಾದ್ರೇನು, ಓಯ್ತಲ್ಲ” ಎಂದು ಎದ್ದು ಹೋದಳು. ಅವತ್ತೇ ಚಂದ್ರು ಅರ್ಧ ಮುದ್ದೆ ಉಂಡ. ಬೆಳಿಗ್ಗೆಗೆ ಜ್ವರ ಬಿಟ್ಟಿತ್ತು.

ಒಂದು ಮಗುವಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕೇ? ನನ್ನ ಕಣ್ಣಿಗೆ ಇನ್ನೊಬ್ಬರನ್ನು ಮಲಗಿಸುವ ಶಕ್ತಿ ಇದೆ ಎಂದು ತಿಳಿದುಬಿಟ್ಟಿತು. ಅಂದಿನಿಂದ ಚಂದ್ರು ಉಣ್ಣುವಾಗ ಅವನತ್ತ ನೋಡುವುದನ್ನು ಬಿಟ್ಟೆ. ಆಮೇಲೆ ಯಾರು ಉಣ್ಣುವಾಗಲೂ ನೋಡದಾದೆ. ಗಂಗಳವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದೆ. ಎಷ್ಟೋ ವರ್ಷಗಳ ನಂತರ ನನ್ನ ಹೆಂಡತಿ, “ಅಡುಗೆ ಹೆಂಗಿದೆ ಅಂತ ಕೇಳಿದ್ರೆ ಮುಖ ನೋಡಿ ಹೇಳೋಕೇನು?” ಎಂದು ಮುನಿಸಿಕೊಳ್ಳುತ್ತಿದ್ದಳು. ಅವಳಿಗೆ ಕಾರಣ ಹೇಳಲಿಲ್ಲ. ಯಾರದಾದರೂ ಒಳ್ಳೆಯ ಅಂಗಿ, ಹೊಸ ಸೈಕಲ್ಲು, ಆಮೇಲೆ ಯಾರದಾದರೂ ಬಡ್ತಿ ಕಂಡಾಗ ಮೊದಲು ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು, ಅದರ ಬೆನ್ನಿಗೇ ನಾನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ. ಹೀಗೆ ನನ್ನ ಹೊಟ್ಟೆಕಿಚ್ಚು ಏಳುವ ಗಳಿಗೆಯನ್ನು ಹಿಡಿಯುವುದು ನನಗೆ ಚೆನ್ನಾಗಿ ಅಭ್ಯಾಸವಾಯಿತು. ಅದನ್ನು ಕಡಿಮೆ ಮಾಡುವುದು ಅಭ್ಯಾಸವಾಗಲಿಲ್ಲ. ಇನ್ನು ಚಿಕ್ಕವ್ವ, ಅವಳು ಬದುಕಿದಳು. ಒಂದೂವರೆ ವರ್ಷವಾದ ಮೇಲೆ ಕಡ್ಡಿಯ ಹಾಗೆ ಸೊರಗಿ ಬಂದು ನಮ್ಮ ಜಗಲಿಯ ಮೇಲೆ ಕೂತಳು. ಚಂದ್ರು ಅವಳ ಗುರುತು ಹತ್ತದವನಂತೆ ನಮ್ಮವ್ವನ ಸೆರಗಿನ ಹಿಂದೆ ಸರಿದ. ಅವನು ಬ್ಲಫ್‌ಗೆ ಹೊರಟ ದಿನ ಅವ್ವ ಅತ್ತ ಅಳುವನ್ನು ನಾನು ಬಾಗಿಲಲ್ಲಿ ನಿಂತು ಅಳತೆ ಹಾಕುತ್ತಿದ್ದೆ. ನಾನು ಹೊರಟರೆ ಇಷ್ಟು ಅಳುತ್ತಾಳೆಯೇ?

ಮೈಸೂರಿನಲ್ಲಿ ಓದುವಾಗ ದೃಷ್ಟಿ, ಮಾಟ ಎಲ್ಲವೂ ಸುಳ್ಳೆಂದು ತಿಳಿಯಿತು. ತಿಳಿದ ದಿನ ಬೆನ್ನಿನ ಮೇಲಿಂದ ಮೂಟೆ ಇಳಿಸಿದಂತಾಯಿತು. ಮೇಷ್ಟರಾದ ಮೇಲೆ ನನ್ನ ಅಜ್ಜಿಯ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆ. ಒಂದು ವರ್ಷ ಉತ್ಸಾಹ ಹೆಚ್ಚಾಗಿ, ಕಾಲೇಜಿನ ಹಿಂದೆ ಕೆಂಡ ಮಾಡಿಸಿ, ನನ್ನದೇ ಕಾಲಡಿಯ ಮಣ್ಣು, ಉಪ್ಪು, ಮೆಣಸಿನಕಾಯಿ ಹಾಕಿ ತೋರಿಸಿದೆ. ಇಡೀ ತರಗತಿ ಕೆಮ್ಮಿತು, ಪ್ರಿನ್ಸಿಪಾಲರು ಕರವಸ್ತ್ರ ಹಿಡಿದು ಓಡಿ ಬಂದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು:

“ಸಾರ್, ಅಂಗಾದ್ರೆ ನಿಮ್ಮಜ್ಜಿ ಆಕ್ದಾಗ ಯಾಕ್ ಸಾರ್ ಘಾಟು ಬರ್ಲಿಲ್ಲ?”

ಒದ್ದೆ ಹೆಜ್ಜೆಯ ಮಣ್ಣು, ಹಸಿ ಮಣ್ಣು ಕೆಂಡವನ್ನು ಮುಚ್ಚಿತು, ಮೆಣಸಿನಕಾಯಿ ಸುಡಲಿಲ್ಲ ಎಂದು ವಿವರಿಸಿದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ನನಗೆ ಮಾತ್ರ ಆ ವಿವರಣೆ ಬೇಕಾಗಿತ್ತು. ಕಣ್ಣು ನಿರಪರಾಧಿ ಎಂದು ಸಾಬೀತಾದ ಮೇಲೆ ನಾನೇ ನಿರಪರಾಧಿ ಎಂದು ಅಂದುಕೊಂಡೆ. ಬಚ್ಚಲ ಕಲ್ಲಿನ ಮೇಲಿನ ಮಾತು ಎಲ್ಲಿ ಹೋಯಿತು? ಉಣ್ಣುವುದನ್ನು ಬಿಟ್ಟ ಮಗುವಿಗೆ ಜ್ವರ ಬರಲು ಯಾರ ಕಣ್ಣೂ ಬೇಕಾಗಿಲ್ಲ, ಒಂದು ಮಾತು ಸಾಕು. ತರಗತಿಯಲ್ಲಿ ಅಜ್ಜಿಯ ಕಥೆ ಹೇಳುವಾಗ ಆ ಮಾತಿನ ಭಾಗವನ್ನು ನಾನು ಒಂದು ವರ್ಷವೂ ಹೇಳಲಿಲ್ಲ. ಚಂದ್ರುವನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಅವನು ತನ್ನ ಅಪ್ಪನಂತೆಯೇ ಕರೆಂಟಿನ ಕೆಲಸಕ್ಕೆ ಸೇರಿ ಮದ್ದೂರಿನಲ್ಲೇ ಮನೆ ಮಾಡಿದ್ದ; ನಾನು ಮಳವಳ್ಳಿಯಿಂದ ಊರಿಗೆ ಬರುವ ಬಸ್ಸು ಅವನ ಮನೆಯ ಮುಂದೆಯೇ ಹೋಗುತ್ತಿತ್ತು. ಕೇಳಲಿಲ್ಲ. ಆಕರಗಳನ್ನು ಪರಿಶೀಲಿಸಿ ಎಂದು ಊರಿಗೆಲ್ಲ ಹೇಳುತ್ತ, ಇದ್ದ ಒಂದೇ ಆಕರವನ್ನು ಮುಟ್ಟದೆ ಐವತ್ತು ವರ್ಷ ಕಳೆದೆ.

ಅಪ್ಪ, ಅಜ್ಜಿ ಎಂದೋ ಹೋಗಿದ್ದರು. ಹೋದ ವರ್ಷ ಅವ್ವನೂ ತೀರಿಕೊಂಡಳು. ಊರಲ್ಲೇ ಮದುವೆಯಾದ ಅಕ್ಕ, ಭಾವ, ಮೊಮ್ಮಕ್ಕಳೆಲ್ಲ ಅದೇ ಮನೆಯಲ್ಲಿದ್ದರು. ತುಂಬಿದ ಮನೆಯಲ್ಲೇ ಹೋದಳು. ಚಂದ್ರು ನನಗಿಂತ ಮೊದಲು ಬಂದು ಕಾಲ ಬಳಿ ಕೂತಿದ್ದ. ನಾನು ತಲೆ ಬೋಳಿಸಿಕೊಂಡಾಗ ಯಾರೂ ಹೇಳದೆ ಅವನೂ ಬೋಳಿಸಿಕೊಂಡ. ಬಂದವರೆಲ್ಲ ಅವನ ಭುಜ ಹಿಡಿದು, “ಎತ್ತ ಮಗನಿಗಿಂತ ಎಚ್ಚಾಗಿದ್ದೆ ಕಣಪ್ಪ” ಎನ್ನುತ್ತಿದ್ದರು. ಹೆತ್ತ ಮಗ ಪಕ್ಕದಲ್ಲೇ ನಿಂತಿದ್ದೆ. ಅರವತ್ತು ದಾಟಿದ ಬೋಳುತಲೆಯವನು, ತಾಯಿಯ ಹೆಣದ ಮುಂದೆ, ಸಮಾಧಾನದಲ್ಲೂ ತನ್ನ ಪಾಲು ಅವನಿಗೇ ಹೋಯಿತೆಂದು ಒಳಗೊಳಗೇ ಉರಿಯುತ್ತಿದ್ದೆ. ಅಭ್ಯಾಸದಂತೆ ಕಣ್ಣು ತಿರುಗಿಸಲು ಹೋದೆ. ತಿರುಗಿಸಲು ಜಾಗವಿರಲಿಲ್ಲ, ಎಲ್ಲ ಕಡೆಯೂ ಜನ.

ತಿಥಿಯ ಮಾರನೆಯ ದಿನ ನೆಂಟರೆಲ್ಲ ಹೊರಟುಹೋದರು. ಒಳಗೆ ಅಕ್ಕ ಅಡುಗೆ ಮಾಡುತ್ತಿದ್ದಳು. ಚಂದ್ರು ಹಿತ್ತಿಲಲ್ಲಿ, ಈಗಲೂ ಅಲ್ಲೇ ಇರುವ ಬಚ್ಚಲ ಕಲ್ಲಿನ ಪಕ್ಕ, ಎಲೆಗೆ ಸುಣ್ಣ ಸವರುತ್ತ ಕೂತಿದ್ದ. ಹೋಗಿ ಎದುರಿಗೆ ನಿಂತೆ.

“ಚಂದ್ರು, ಒಂದ್ ಮಾತ್ ಕೇಳ್ತೀನಿ. ನಿಜ ಏಳ್ಬೇಕು.”

“ಏನ್ಲಾ, ಕೋರ್ಟಲ್ಲಿ ನಿಂತಂಗೆ ನಿಂತಿದ್ದೀಯ? ಕೂತ್ಕಳ್ಲಾ.”

ಕೂತೆ. “ನಿಮ್ಮವ್ವ ಆಸ್ಪತ್ರೇಲಿದ್ದಾಗ... ಇಲ್ಲಿ, ಈ ಕಲ್ ಮೇಲೆ, ನಾನು ನಿಂಗೆ ಏನಾರಾ ಅಂದಿದ್ನಾ?”

ಅವನು ಎಲೆ ಮಡಿಸುವುದನ್ನು ನಿಲ್ಲಿಸಲಿಲ್ಲ. “ಅಂದಿದ್ದೆ.”

“ಏನಂದಿದ್ದೆ?”

“ನಿಮ್ಮವ್ವ ಬರಾಕಿಲ್ಲ, ನಿನ್ನ ನಮ್ಮನೆಗೆ ಬಿಸಾಕ್ಬುಟ್ಟು ಓದ್ಲು ಅಂತ. ಎಡಗಾಲ್ ತೊಳ್ದಿದ್ದೆ, ಬಲಗಾಲಿನ್ನೂ ತೊಳ್ದಿರ್ಲಿಲ್ಲ ನೀನು.”

ಬಿಸಾಕಿ. ನನ್ನ ನೆನಪಿನಲ್ಲಿ ಆ ಪದ ಇರಲಿಲ್ಲ. ನಾನು ಅದನ್ನು ತೆಗೆದು ಮೆತ್ತಗಿನದನ್ನು ಇಟ್ಟುಕೊಂಡಿದ್ದೆ.

“ಅಜ್ಜಿ ದಿನಾ ಕೇಳ್ತಿತ್ತು, ‘ಯಾರ್ ಏನಂದ್ರು ಮಗ?’ ಅಂತ,” ಎಂದ ಚಂದ್ರು. “ನಾನ್ ಬಾಯಿ ಬುಡ್ಲಿಲ್ಲ. ಮೂರ್ನೇ ದಿನ ಏಳ್ಬುಟ್ಟೆ. ‘ನಿಮ್ ದೊಡ್ಡವ್ವಂಗೆ ಏಳ್ಬ್ಯಾಡ, ಅವ್ನ ಚರ್ಮ ಸುಲೀತಾಳೆ, ನಾನ್ ನೋಡ್ಕತೀನಿ’ ಅಂತು. ಎದ್ದೋಗಿ ನಿನ್ ಕಾಲ್ ಮಣ್ಣು ತಂತು.”

“ಘಾಟೇ ಬರ್ಲಿಲ್ವಲ್ಲೋ ಅವತ್ತು.”

“ಮೆಣಸಿನಕಾಯಿ ಆಕಿದ್ರಲ್ವಾ ಬರೋದು!”

ನಾನು ಅವನ ಮುಖವನ್ನೇ ನೋಡಿದೆ.

“ಬರೀ ಉಪ್ಪು, ನಿನ್ ಮಣ್ಣು. ನಿವಾಳ್ಸೋಕ್ ಮುಂಚೆ ಮುಷ್ಟಿ ಬಿಚ್ಚಿ ನಂಗೊಬ್ಬನ್ಗೆ ತೋರುಸ್ತು. ‘ನೋಡ್ದಾ, ಉರಿಯಾಕೆ ಏನೂ ಇಲ್ಲ. ಅವ್ನ್ ಅಂದದ್ದು ಇವತ್ಗೆ ಓಯ್ತು. ಎದ್ದು ಉಣ್ಣು’ ಅಂತು.”

ನೂರಾರು ವಿದ್ಯಾರ್ಥಿಗಳಿಗೆ ಮೆಣಸಿನಕಾಯಿ ಯಾಕೆ ಸುಡಲಿಲ್ಲವೆಂದು ವಿವರಿಸಿದವನು ನಾನು. ಮೆಣಸಿನಕಾಯಿ ಇತ್ತೇ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಜ್ಜಿಗೆ ನನ್ನ ಕಣ್ಣಿನ ಮೇಲೆ ಅನುಮಾನವೇ ಇರಲಿಲ್ಲ. ಅವಳಿಗೆ ನಾನು ಅಂದ ಮಾತು ಗೊತ್ತಿತ್ತು. ನನ್ನನ್ನು ಹೊಡೆಸದೆ, ಅವನನ್ನು ಉಪವಾಸ ಬಿಡದೆ, ಅದನ್ನು ಮುಗಿಸಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಇಷ್ಟೆಲ್ಲ ಅರ್ಥವಾಗುವ ಮೊದಲು ನನಗೆ ಬಂದ ಯೋಚನೆ ಯಾವುದೆಂದರೆ: ಅಜ್ಜಿ ಆ ಗುಟ್ಟನ್ನು ನನಗೆ ತೋರಿಸದೆ ಇವನಿಗೆ ತೋರಿಸಿದಳಲ್ಲ.

“ಒಟ್ಟೆಕಿಚ್ಚು ಕಣ್ಲಾ ನಂಗೆ,” ಎಂದೆ. “ಆವಾಗ. ಈಗ್ಲೂವೆ.”

“ಗೊತ್ತು ಬುಡು. ಇಟ್ಟು ಉಣ್ಣೋವಾಗ ಆವಾಗೆಲ್ಲ ಎಂಗ್ ನೋಡ್ತಿದ್ದೆ ನೀನು!” ಎಂದು ನಕ್ಕ. ಆಮೇಲೆ, “ನಂಗಿದ್ದದ್ದು ನಿಂಗ್ ಗೊತ್ತಿತ್ತಾ?”

“ನಿಂಗ್ಯಾಕ್ಲಾ? ಎಲ್ಲಾ ನಿಂಗೇ ಸಿಕ್ತಿತ್ತಲ್ಲ.”

“ನಿಂಗೆ ದೊಡ್ಡವ್ವ ಒಡೀತಿತ್ತು. ನಂಗೆ ಒಂದೇಟು ಒಡೀಲಿಲ್ಲ. ಆ ಮೊಸ್ರಿನ ಕುಡಿಕೆ ಒಡ್ದಾಗ ಕೈ ಚಾಚ್ಕಂಡ್ ನಿಂತಿದ್ದೆ. ಕೋಲು ಕೆಳಗಿಟ್ಟು ಕೈ ಒರುಸ್ತು. ಅವತ್ತು ಆ ಗೊಬ್ಬರದ ಗುಂಡಿ ಇಂದೆ ಓಗಿ ಅತ್ತಿದ್ದೆ ಕಣ್ಲಾ. ಇನ್ನ ಆ ಎರಡ್ನೇ ಇಟ್ಟು! ನೆಂಟ್ರಿಗೆ ಮೊದ್ಲು ಆಕ್ತಾರೆ, ಮನೆ ಮಕ್ಳು ಕಾಯ್ತವೆ. ಒಂದೂವರೆ ವರ್ಸ ನಾನು ಈ ಮನೇಲಿ ಒಂದಿನ ಕಾದು ಉಣ್ಲಿಲ್ಲ.”

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಕೂಗಿದಳು.

ಅಡುಗೆಮನೆಯಲ್ಲಿ ಈಗ ಗ್ಯಾಸಿನ ಒಲೆ. ಕೋಲು ಅವ್ವನದೇ. ಅಕ್ಕ ಮೊದಲ ಮುದ್ದೆಯನ್ನು ಭಾವನ ತಟ್ಟೆಗೆ ಹಾಕಿದಳು. ಎರಡನೆಯದನ್ನು ಕಟ್ಟಿ, ಯೋಚನೆಯೇ ಮಾಡದೆ, ಚಂದ್ರುವಿನ ತಟ್ಟೆಯ ಕಡೆ ಕೈ ಚಾಚಿದಳು. ನಾನು ನನ್ನ ತಟ್ಟೆಯನ್ನು ಅಡ್ಡ ಹಿಡಿದೆ.

“ಇತ್ತಾಗೆ ಆಕು. ಅವ್ನೇನ್ ನೆಂಟನಾ? ಕಾಯ್ಲಿ.”

“ಥೂ ನಿನ್ನ!” ಎಂದಳು ಅಕ್ಕ. “ಅರವತ್ ದಾಟ್ತು, ಇನ್ನೂ ಉಡುಗ್ರಂಗೆ ಇಟ್ಟಿಗೆ ಜಗಳವಾ? ಅವ್ವನ ತಿಥಿ ಆಗಿ ಒಂದಿನ ಆಗಿಲ್ಲ!”

“ಅವ್ನಿಗೇ ಆಕಕ್ಕ,” ಎಂದ ಚಂದ್ರು. “ನಾನ್ ಕಾಯ್ತೀನಿ.”

ನಾನು ಅದನ್ನು ಅವನಿಗಾಗಿ ಮಾಡಿದೆನೋ, ಅಂತೂ ಇಂತೂ ನನ್ನ ಮುದ್ದೆ ನನಗೆ ಬರಲಿ ಎಂದು ಮಾಡಿದೆನೋ, ನನಗೆ ಗೊತ್ತಿಲ್ಲ. ಎರಡೂ ಇರಬಹುದು. ಅಕ್ಕನ ಮೊಮ್ಮಕ್ಕಳಿಗೆಲ್ಲ ಬಡಿಸಿ ಆಯಿತು. ಚಂದ್ರು ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೋಳುತಲೆ ಬಗ್ಗಿಸಿ, ಕಾಯುತ್ತ ಕೂತ. ಕೊನೆಗೆ ಅಕ್ಕ ಪಾತ್ರೆಯ ತಳ ಕೆರೆದು ಕಟ್ಟಿದ ಮುದ್ದೆ, ಸೀದ ಚಕ್ಕೆಯ ಸಮೇತ, ಅವನ ತಟ್ಟೆಗೆ ಬಿತ್ತು. ಅವನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದ. ನಾನು ಗೋಡೆಯ ಕಡೆ ತಿರುಗಲಿಲ್ಲ. ಅವನು ಉಂಡು ಮುಗಿಸುವವರೆಗೂ ನೋಡುತ್ತಲೇ ಕೂತಿದ್ದೆ.